ಟ್ಯಾಕ್: ಹಗ್ಗದ ಹೆಸರು ತಿರುವಿನ ಹೆಸರಾದ ಬಗೆ

ಹಾಯಿದೋಣಿಗೆ ಹೊಸದಾಗಿ ಕಾಲಿಟ್ಟವರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡವುವ ಪದ ‘ಟ್ಯಾಕ್’. ಒಬ್ಬರು ‘ಟ್ಯಾಕ್ ಸರಿಯಾಗಿ ಕಟ್ಟಿದೆಯಾ ನೋಡಿ’ ಅನ್ನುತ್ತಾರೆ. ಇನ್ನೊಬ್ಬರು ‘ನಾವೀಗ ಯಾವ ಟ್ಯಾಕ್‌ನಲ್ಲಿದ್ದೇವೆ?’ ಎಂದು ಕೇಳುತ್ತಾರೆ. ಅಷ್ಟರಲ್ಲಿ ಚುಕ್ಕಾಣಿ ಹಿಡಿದವರು ‘ಟ್ಯಾಕ್ ಮಾಡೋಣ’ ಎಂದು ಕೂಗುತ್ತಾರೆ. ಮೂರು ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ಮೊದಲನೆಯದು ಪಟದ ಮೂಲೆ, ಎರಡನೆಯದು ಗಾಳಿ ಬರುತ್ತಿರುವ ಬದಿ, ಮೂರನೆಯದು ತಿರುವು. ಅರ್ಥಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದರೆ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಎಂದು ಗೊತ್ತಾದರೆ ಮತ್ತೆ ಮರೆಯುವುದೂ ಇಲ್ಲ.

ಪದದ ಬೇರು ಹಳೆಯ ಫ್ರೆಂಚ್‌ನಲ್ಲಿದೆ. ಮೊಳೆ, ಕೊಂಡಿ, ಬಿಗಿಹಿಡಿಯುವ ವಸ್ತು ಎಂಬ ಅರ್ಥದ ಮಾತು ಅದು. ಗೋಡೆಗೆ ಕಾಗದ ಚುಚ್ಚುವ ಚಿಕ್ಕ ಮೊಳೆಗೂ ಇಂಗ್ಲಿಷ್‌ನಲ್ಲಿ ಇದೇ ಹೆಸರಿದೆ. ಚೌಕ ಪಟದ ಹಡಗುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದೊಡ್ಡ ಪಟಕ್ಕೆ ಬುಡದಲ್ಲಿ ಅಡ್ಡಮರ ಇರುತ್ತಿರಲಿಲ್ಲ. ಅದರ ಕೆಳಗಿನ ಎರಡು ಮೂಲೆಗಳಿಗೂ ಎರಡೆರಡು ಹಗ್ಗ. ಒಂದು ಮೂಲೆಯನ್ನು ಮುಂದಕ್ಕೆ ಎಳೆದು ಹಿಡಿಯುತ್ತಿತ್ತು, ಅದು ಟ್ಯಾಕ್. ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು, ಅದು ಶೀಟ್. (ಶೀಟ್ ಎಂದರೆ ಪಟ ಎಂದುಕೊಳ್ಳುವವರು ಬಹಳ ಜನ. ಅದು ಯಾವಾಗಲೂ ಹಗ್ಗವೇ.) ಗಾಳಿ ಬಲಗಡೆಯಿಂದ ಬೀಸಿದಾಗ ಬಲಮೂಲೆಯ ಟ್ಯಾಕ್ ಹಗ್ಗವನ್ನು ಬಿಗಿದು, ಎಡಮೂಲೆಯ ಶೀಟನ್ನು ಎಳೆಯುತ್ತಿದ್ದರು. ಹಾಗಾಗಿ ‘ಬಲಗಡೆಯ ಟ್ಯಾಕ್ ಬಿಗಿದಿದೆ’ ಎನ್ನುವ ಮಾತೇ ಹಡಗಿನ ಸ್ಥಿತಿಯನ್ನು ಹೇಳಿಬಿಡುತ್ತಿತ್ತು. ಗಾಳಿ ಇನ್ನೊಂದು ಬದಿಗೆ ಬರುವಂತೆ ಹಡಗನ್ನು ತಿರುಗಿಸಿದರೆ ಬಿಗಿದ ಹಗ್ಗ ಸಡಿಲಿಸಿ ಆಚೆಯದನ್ನು ಬಿಗಿಯಬೇಕು. ಆ ಕೆಲಸವೇ ‘ಟ್ಯಾಕ್ ಮಾಡುವುದು’ ಆಯಿತು.

ತ್ರಿಕೋನ ಪಟದಲ್ಲಿ ಕೆಳಗಿನ ಮುಂದಿನ ಮೂಲೆ ಸದಾ ದೋಣಿಗೇ ಕಟ್ಟಿಕೊಂಡಿರುತ್ತದೆ. ಅಲ್ಲಿ ಆ ಹಗ್ಗದ ಅಗತ್ಯವೇ ಬೀಳದೆ, ಹೆಸರು ಮೂಲೆಗೆ ಅಂಟಿಕೊಂಡಿತು. ಮೇಲಿನ ಮೂಲೆ ‘ಹೆಡ್’, ಹಿಂದಿನ ಮೂಲೆ ‘ಕ್ಲೂ’, ಮುಂದಿನದು ‘ಟ್ಯಾಕ್’.

ಎಡವೋ ಬಲವೋ

ಮುಂದೆ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಗಾಳಿ ಬಂದು ತಾಗುವ ಬದಿಯನ್ನು ಗಾಳಿಬದಿ ಎನ್ನುತ್ತೇನೆ, ಅದರ ಎದುರಿನದನ್ನು ಮರೆಬದಿ.

ಸ್ಟಾರ್‌ಬೋರ್ಡ್ ಟ್ಯಾಕ್ ಎಂದರೆ ಗಾಳಿ ಬಲಬದಿಯಿಂದ ಬರುತ್ತಿದೆ ಎಂದರ್ಥ. ಪೋರ್ಟ್ ಟ್ಯಾಕ್ ಎಂದರೆ ಎಡಬದಿಯಿಂದ. ದೋಣಿ ಯಾವ ಕಡೆಗೆ ಹೋಗುತ್ತಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎದುರುಗಾಳಿಯಲ್ಲಿ ಹೋಗುವಾಗ ಮಾತ್ರ ಈ ಲೆಕ್ಕ ಎಂದು ಹಲವರು ಭಾವಿಸುತ್ತಾರೆ. ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹೋಗುವ ದೋಣಿಯೂ ಯಾವುದಾದರೊಂದು ಟ್ಯಾಕ್‌ನಲ್ಲಿಯೇ ಇರುತ್ತದೆ. ಅನುಮಾನ ಬಂದಾಗ ದೊಡ್ಡ ಪಟದ ಬುಡದಲ್ಲಿರುವ ಅಡ್ಡಮರವನ್ನು, ಅಂದರೆ ಬೂಮ್ ಅನ್ನು ನೋಡಿ. ಬೂಮ್ ಎಡಕ್ಕಿದ್ದರೆ ಸ್ಟಾರ್‌ಬೋರ್ಡ್ ಟ್ಯಾಕ್, ಬಲಕ್ಕಿದ್ದರೆ ಪೋರ್ಟ್ ಟ್ಯಾಕ್. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು ಮಾಡಿದ 1972ರ ಅಂತರರಾಷ್ಟ್ರೀಯ ನಿಯಮಗಳೂ ಇದನ್ನೇ ಹೇಳುತ್ತವೆ: ದೊಡ್ಡ ಪಟ ಯಾವ ಬದಿಯಲ್ಲಿದೆಯೋ ಅದರ ಎದುರು ಬದಿಯೇ ಗಾಳಿಬದಿ.

ಇದು ಬರೀ ಪಾರಿಭಾಷಿಕ ಹಟವಲ್ಲ. ಅದೇ ನಿಯಮಾವಳಿಯ 12ನೇ ನಿಯಮದಂತೆ ಎರಡು ಹಾಯಿದೋಣಿಗಳು ಬೇರೆ ಬೇರೆ ಟ್ಯಾಕ್‌ನಲ್ಲಿ ಎದುರಾದರೆ ಪೋರ್ಟ್ ಟ್ಯಾಕ್‌ನದು ದಾರಿ ಬಿಡಬೇಕು. ಎರಡೂ ಒಂದೇ ಟ್ಯಾಕ್‌ನಲ್ಲಿದ್ದರೆ ಗಾಳಿಬದಿಯಲ್ಲಿರುವುದು ಮರೆಬದಿಯದಕ್ಕೆ ದಾರಿ ಬಿಡಬೇಕು. ನೀವು ಪೋರ್ಟ್ ಟ್ಯಾಕ್‌ನಲ್ಲಿದ್ದು, ಗಾಳಿಬದಿಯಲ್ಲಿ ಕಾಣುವ ದೋಣಿ ಯಾವ ಟ್ಯಾಕ್‌ನಲ್ಲಿದೆ ಎಂದು ಖಚಿತವಾಗದಿದ್ದರೆ, ನೀವೇ ದಾರಿ ಬಿಡಬೇಕು. ತಾನು ಯಾವ ಟ್ಯಾಕ್‌ನಲ್ಲಿದ್ದೇನೆ ಎಂಬುದು ಯೋಚಿಸದೆ ಬಾಯಿಗೆ ಬರುವಂತಾಗಬೇಕು. ಎದುರಿನ ದೋಣಿ ಹತ್ತಿರ ಬಂದ ಮೇಲೆ ಲೆಕ್ಕ ಹಾಕಲು ಸಮಯವಿರುವುದಿಲ್ಲ.

ಅಂಕುಡೊಂಕು ಏಕೆ

ಯಾವ ಹಾಯಿದೋಣಿಯೂ ನೇರವಾಗಿ ಗಾಳಿಯ ಕಣ್ಣಿಗೆ, ಅಂದರೆ ಗಾಳಿ ಬರುವ ದಿಕ್ಕಿಗೇ, ಓಡಲಾರದು. ಇಂದಿನ ಸಾಮಾನ್ಯ ದೋಣಿ ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿಯಷ್ಟು ಹತ್ತಿರ ಹೋಗುತ್ತದೆ. ಒಳ್ಳೆಯ ಪಂದ್ಯದ ದೋಣಿ 40ಕ್ಕೂ ಇಳಿಯಬಹುದು. ಗುರಿ ಸರಿಯಾಗಿ ಗಾಳಿ ಬರುವ ಕಡೆಯೇ ಇದ್ದರೆ ಒಮ್ಮೆ ಈ ಕಡೆ 45, ಒಮ್ಮೆ ಆ ಕಡೆ 45 ಎಂದು ಅಂಕುಡೊಂಕಾಗಿ ಸಾಗಬೇಕು. 45 ಡಿಗ್ರಿಯಲ್ಲಿ ಹೋಗುವ ದೋಣಿ 10 ಮೈಲಿ ದೂರದ ಗುರಿಗೆ ಸುಮಾರು 14.1 ಮೈಲಿ ಓಡಬೇಕು. ಚೌಕ ಪಟದ ಹಡಗು ಗಾಳಿಗೆ ಆರು ‘ಪಾಯಿಂಟ್’ಗಿಂತ ಹತ್ತಿರ ಹೋಗುವುದು ಕಷ್ಟವಾಗಿತ್ತು. ದಿಕ್ಸೂಚಿಯ ಸುತ್ತನ್ನು 32 ಪಾಯಿಂಟ್ ಮಾಡಿದಾಗ ಒಂದಕ್ಕೆ 11.25 ಡಿಗ್ರಿ, ಆರಕ್ಕೆ 67.5. ಆ ಹಡಗು ಅದೇ 10 ಮೈಲಿಗೆ 26 ಮೈಲಿ ಸುತ್ತಬೇಕು. ನೀರಿನಲ್ಲಿ ಪಕ್ಕಕ್ಕೆ ಜಾರುವುದನ್ನು ಸೇರಿಸಿದರೆ ಇನ್ನೂ ಹೆಚ್ಚು.

ಹಾಗೆಂದು ಗಾಳಿಗೆ ಹತ್ತಿರ ಹೋದಷ್ಟೂ ಲಾಭ ಎಂದಲ್ಲ. 45 ಡಿಗ್ರಿಯಲ್ಲಿ 6 ನಾಟ್ (ಗಂಟೆಗೆ 6 ನಾವಿಕ ಮೈಲಿ) ವೇಗದ ದೋಣಿ ಗಾಳಿಯ ದಿಕ್ಕಿಗೆ ಗಳಿಸುವುದು 4.24 ನಾಟ್. ಅದನ್ನೇ 40 ಡಿಗ್ರಿಗೆ ಬಲವಂತವಾಗಿ ಏರಿಸಿ ವೇಗ 5.4ಕ್ಕೆ ಇಳಿದರೆ ಗಳಿಕೆ 4.14. 50ಕ್ಕೆ ಬಿಟ್ಟುಕೊಟ್ಟು ವೇಗ 6.3 ಆದರೂ 4.05 ಮಾತ್ರ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಮೊದಲನೆಯ ಬಗೆಯದು. ಮೂತಿ ಗುರಿಯ ಕಡೆ ಹೆಚ್ಚು ನೋಡುತ್ತಿದೆ ಎಂದು ಸಮಾಧಾನಪಡುತ್ತಾರೆ, ದೋಣಿ ನಡೆಯುವುದನ್ನೇ ಬಿಟ್ಟಿರುತ್ತದೆ. ಮುಂದೆ ಬರುವ ತಿರುವಿಗೂ ಇದೇ ಮೊದಲ ಶತ್ರು.

ತಿರುಗುವ ಮುನ್ನ ಹೊಸ ದಿಕ್ಕು ಯಾವುದೆಂದು ಗೊತ್ತಿರಬೇಕು. ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ ದಿಕ್ಸೂಚಿ 020 ತೋರಿಸುತ್ತಿದೆ ಎನ್ನಿ. ಗಾಳಿ 065ರಿಂದ ಬರುತ್ತಿದೆ, ತಿರುಗಿದ ಮೇಲೆ ನಿಮ್ಮ ದಿಕ್ಕು 110. ದಿಕ್ಸೂಚಿ ನೋಡಲು ಬಿಡುವಿಲ್ಲದಿದ್ದರೆ, ಗಾಳಿಬದಿಯಲ್ಲಿ ದೋಣಿಗೆ ಸರಿಯಾಗಿ ಅಡ್ಡಲಾಗಿ ಕಾಣುವ ಒಂದು ಗುಡ್ಡವನ್ನೋ ದೀಪಸ್ತಂಭವನ್ನೋ ಗುರುತಿಟ್ಟುಕೊಳ್ಳಿ. ತಿರುವು ಮುಗಿದಾಗ ಮೂತಿ ಅದರ ಹತ್ತಿರ ಇರುತ್ತದೆ. ಬೋಯಿಯಂಥ (ನೀರಿನ ಮೇಲೆ ತೇಲುವ ಗುರುತು) ಗುರಿಯನ್ನು ಮುಟ್ಟಲು ಯಾವಾಗ ತಿರುಗಬೇಕು ಎಂಬುದಕ್ಕೂ ಇದೇ ಅಳತೆ ಸಾಕು. ಆದರೆ ಗುರಿ ಸರಿಯಾಗಿ ಅಡ್ಡಕ್ಕೆ ಬಂದ ಕ್ಷಣದಲ್ಲೇ ತಿರುಗಬೇಡಿ. ದೋಣಿ ಮರೆಬದಿಗೆ ಕೆಲವು ಡಿಗ್ರಿ ಜಾರುತ್ತದೆ, ಪ್ರವಾಹವೂ ಇರಬಹುದು. ಗುರಿ ಭುಜದಿಂದ ಸುಮಾರು 10 ಡಿಗ್ರಿ ಹಿಂದೆ ಸರಿದ ಮೇಲೆ ತಿರುಗಿದರೆ ನೆಮ್ಮದಿ.

ತಿರುವು, ಹೆಜ್ಜೆ ಹೆಜ್ಜೆಯಾಗಿ

ಒಂದು ಕೂವೆಮರ, ಹಿಂದೆ ದೊಡ್ಡ ಪಟ, ಮುಂದೆ ಜಿಬ್ ಎಂಬ ಚಿಕ್ಕ ಪಟ, ಎರಡು ಬದಿಗೂ ವಿಂಚ್ (ಹಗ್ಗ ಸುತ್ತಿ ಎಳೆಯುವ ಉರುಳೆ) ಇರುವ ದೋಣಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಜಿಬ್‌ಗೆ ಎರಡು ಶೀಟ್ ಇರುತ್ತವೆ. ಮರೆಬದಿಯದು ಭಾರ ಹೊತ್ತಿರುತ್ತದೆ, ಗಾಳಿಬದಿಯದು ಸುಮ್ಮನೆ ಮಲಗಿರುತ್ತದೆ.

ಮೊದಲ ಕೆಲಸ ನೋಡುವುದು. ಹೊಸ ದಿಕ್ಕಿನಲ್ಲಿ, ಅದರಲ್ಲೂ ಜಿಬ್‌ನ ಮರೆಯಲ್ಲಿ, ಇನ್ನೊಂದು ದೋಣಿ ಇದೆಯೇ? ಆಮೇಲೆ ವೇಗ. ಗಾಳಿಗೆ ತೀರಾ ಹತ್ತಿರ ಹೋಗುತ್ತಿದ್ದರೆ ನಾಲ್ಕೈದು ಡಿಗ್ರಿ ಬಿಟ್ಟುಕೊಟ್ಟು ಓಟ ತುಂಬಿಸಿಕೊಳ್ಳಿ. ‘ರೆಡಿ ಅಬೌಟ್’ ಎಂದು ಕೂಗಿದಾಗ ಮಲಗಿರುವ ಶೀಟನ್ನು ಹೊಸ ಬದಿಯ ವಿಂಚ್‌ಗೆ ಪ್ರದಕ್ಷಿಣವಾಗಿ ಎರಡು ಸುತ್ತು ಹಾಕಿ, ಸಡಿಲು ತೆಗೆದು ಹಿಡಿದುಕೊಳ್ಳಬೇಕು. ಭಾರ ಹೊತ್ತ ಶೀಟಿನವರು ಗಂಟು ಬಿಚ್ಚಿ, ಸುತ್ತುಗಳನ್ನು ಹಾಗೆಯೇ ಬಿಟ್ಟು, ಕೈಯಲ್ಲಿ ಬಿಗಿ ಹಿಡಿಯಬೇಕು. ಇಬ್ಬರೂ ‘ರೆಡಿ’ ಅಂದ ಮೇಲೆಯೇ ಚುಕ್ಕಾಣಿ ಅಲುಗಬೇಕು. ಉತ್ತರ ಬಾರದೆ ತಿರುಗಿಸುವವರ ದೋಣಿಯಲ್ಲಿ ಬೆರಳುಗಳಿಗೆ ಅಪಾಯ.

‘ಲೀ ಹೋ’ (ಲೀ ಎಂದರೆ ಮರೆಬದಿ) ಎಂದು ಕೂಗಿ ಟಿಲ್ಲರನ್ನು, ಅಂದರೆ ಚುಕ್ಕಾಣಿಯ ಹಿಡಿಕೋಲನ್ನು, ಮರೆಬದಿಗೆ ತಳ್ಳುತ್ತಾರೆ. ಈ ತಳ್ಳುವಿಕೆಯಲ್ಲೇ ಅರ್ಧ ಗೆಲುವಿದೆ. ಶುರುವಿನಲ್ಲಿ ಮೆಲ್ಲಗೆ, ಮೂತಿ ಗಾಳಿಯ ಕಣ್ಣು ದಾಟುವಾಗ ಸ್ವಲ್ಪ ಹೆಚ್ಚು, ಕೊನೆಯಲ್ಲಿ ಮತ್ತೆ ಮೆಲ್ಲಗೆ. ಟಿಲ್ಲರನ್ನು ಒಮ್ಮೆಗೇ ಮೂಲೆಗೆ ಒತ್ತಿದರೆ ತಿರುವು ಚುರುಕಾಗುತ್ತದೆ ಎಂಬುದು ತಪ್ಪು ಕಲ್ಪನೆ. ಚುಕ್ಕಾಣಿಯ ಹಲಗೆ ಸುಮಾರು 30-35 ಡಿಗ್ರಿ ದಾಟಿದರೆ ನೀರು ಅದರ ಮೈಯಿಂದ ಬಿಟ್ಟುಹೋಗಿ ಸುಳಿಯಾಗುತ್ತದೆ. ಆಗ ಅದು ಚುಕ್ಕಾಣಿಯಲ್ಲ, ಬ್ರೇಕು.

ಭಾರದ ಶೀಟನ್ನು ಬಿಡುವ ಕ್ಷಣವನ್ನು ಕಣ್ಣಿನಿಂದ ಹಿಡಿಯಬೇಕು, ಕೂಗಿನಿಂದಲ್ಲ. ‘ಲೀ ಹೋ’ ಕೇಳಿದ ಕೂಡಲೇ ಬಿಟ್ಟರೆ ಜಿಬ್ ಎಳೆತ ಕಳೆದುಕೊಂಡು ದೋಣಿ ನಡುದಾರಿಯಲ್ಲಿ ಸೋಲುತ್ತದೆ. ಜಿಬ್‌ನ ಮುಂದಿನ ಅಂಚು ನಡುಗಿ, ಪಟ ಒಳಮುಖವಾಗಿ ಕುಸಿಯತೊಡಗಿದಾಗ ಬಿಡಬೇಕು. ಬಿಡುವುದೆಂದರೆ ಒಂದಿಷ್ಟು ಜಾರಿಸಿ, ಉಳಿದ ಸುತ್ತುಗಳನ್ನು ವಿಂಚಿನ ನೆತ್ತಿಯಿಂದ ನೇರ ಮೇಲಕ್ಕೆ ಎತ್ತಿ ತೆಗೆಯುವುದು. ಪಕ್ಕಕ್ಕೆ ಎಳೆದರೆ ಹಗ್ಗ ತಿರುಚಿಕೊಂಡು ಮುಂದಿನ ಕಪ್ಪಿಗೆ ಸಿಕ್ಕಿಕೊಳ್ಳುತ್ತದೆ.

ಅಲ್ಲಿಂದ ಆಚೆ ಎಲ್ಲವೂ ಹೊಸ ಬದಿಯವರ ಕೈಯಲ್ಲಿ. ಜಿಬ್ ಕೂವೆಮರವನ್ನು ದಾಟಿ ಬಂದ ಮೇಲೆ, ಗಾಳಿ ತುಂಬಿಕೊಳ್ಳುವ ಮೊದಲು, ಎರಡು ಮೂರು ಸೆಕೆಂಡು ಸಿಗುತ್ತವೆ. ಆ ಹೊತ್ತಿನಲ್ಲಿ ಶೀಟನ್ನು ಬರಿಗೈಯಲ್ಲಿ ಮಾರು ಮಾರು ಎಳೆದರೆ ಕೆಲಸ ಮುಗಿದಂತೆಯೇ. ತಡವಾದರೆ ಅದೇ ಉದ್ದವನ್ನು ಹಿಡಿ ತಿರುಗಿಸಿ ತಿರುಗಿಸಿ ಬೆವರು ಸುರಿಸಿ ತರಬೇಕಾಗುತ್ತದೆ. ಭಾರ ಬಿದ್ದ ಮೇಲೆ ಮೂರನೆಯ, ಬೇಕಾದರೆ ನಾಲ್ಕನೆಯ ಸುತ್ತು ಹಾಕಿ ಹಿಡಿಯಿಂದ ಕೊನೆಯ ಬಿಗಿ ಕೊಡಿ. ಮೊದಲೇ ನಾಲ್ಕು ಸುತ್ತು ಹಾಕಿಟ್ಟುಕೊಂಡರೆ ಸಡಿಲು ಎಳೆಯುವಾಗ ಒಂದು ಸುತ್ತು ಇನ್ನೊಂದರ ಮೇಲೇರಿ ಕಚ್ಚಿಕೊಳ್ಳುತ್ತದೆ. ಭಾರವಿರುವಾಗ ಆ ಸಿಕ್ಕು ಬಿಡಿಸುವುದು ತುಂಬ ಕಷ್ಟ. ಹಗ್ಗ ವಿಂಚಿಗೆ ಕೆಳಗಿನಿಂದ ಬರದೆ ಮೇಲಿನಿಂದ ಬಂದರೂ ಇದೇ ಆಗುತ್ತದೆ, ಆಗ ದಾರಿ ತೋರುವ ಕಪ್ಪಿಯ ಜಾಗ ಬದಲಿಸಬೇಕು.

ಹೊಸ ದಿಕ್ಕಿಗೆ ಬಂದೊಡನೆ ಪಟಗಳನ್ನು ಪೂರ್ತಿ ಬಿಗಿಯಬೇಡಿ. ತಿರುವಿನಲ್ಲಿ ವೇಗ ಬಿದ್ದಿರುತ್ತದೆ. ಗುರಿದಿಕ್ಕಿಗಿಂತ ನಾಲ್ಕೈದು ಡಿಗ್ರಿ ಗಾಳಿಯಿಂದ ಆಚೆಗೆ ಬಂದು, ಜಿಬ್ ಅಂಗೈಯಷ್ಟು ಸಡಿಲವಿಟ್ಟು, ಓಟ ಮರಳಿದ ಮೇಲೆ ಮೂತಿಯನ್ನು ಗಾಳಿಯ ಕಡೆ ಏರಿಸುತ್ತ ಪಟ ಬಿಗಿಯುವುದು ಸರಿಯಾದ ಕ್ರಮ.

ಡಿಂಗಿ ಎಂಬ ಚಿಕ್ಕ ದೋಣಿಯಲ್ಲಿ ವಿಂಚ್ ಇಲ್ಲ, ಬದಲಿಗೆ ಮೈಭಾರವಿದೆ. ತಿರುವಿನ ಆರಂಭದಲ್ಲಿ ದೋಣಿ ಮರೆಬದಿಗೆ ಕೊಂಚ ವಾಲಿದರೆ ತಾನಾಗಿ ಗಾಳಿಯ ಕಡೆ ತಿರುಗುತ್ತದೆ, ಚುಕ್ಕಾಣಿ ಕಡಿಮೆ ಸಾಕು. ಬಳಿಕ ಹಳೆಯ ಗಾಳಿಬದಿಗೆ ಒರಗಿ ದೋಣಿಯನ್ನು ನಿಮ್ಮ ಮೇಲೆ ಎಳೆದುಕೊಂಡು, ಬೂಮ್ ದಾಟಿದ ಮೇಲೆ ಆಚೆ ಹಾರಿ ದೋಣಿಯನ್ನು ಮಟ್ಟಸ ಮಾಡಬೇಕು. ಇದನ್ನು ‘ರೋಲ್ ಟ್ಯಾಕ್’ ಅನ್ನುತ್ತಾರೆ. ಪಂದ್ಯದ 42ನೇ ನಿಯಮ ಇದಕ್ಕೆ ಒಪ್ಪಿಗೆ ಕೊಡುತ್ತದೆ. ಆದರೆ ತಿರುಗದೇ ಇದ್ದಿದ್ದರೆ ಎಷ್ಟು ವೇಗ ಇರುತ್ತಿತ್ತೋ ಅದನ್ನು ಮೀರಿದ ವೇಗದಲ್ಲಿ ತಿರುವಿನಿಂದ ಹೊರಬರುವಂತಿಲ್ಲ.

ನಡುದಾರಿಯಲ್ಲಿ ನಿಂತರೆ

ಮೂತಿ ಗಾಳಿಯ ಕಣ್ಣಿಗೆ ನೆಟ್ಟು ದೋಣಿ ನಿಂತುಬಿಡುವುದನ್ನು ಇಂಗ್ಲಿಷ್ ನಾವಿಕರು ‘ಇನ್ ಐರನ್ಸ್’ ಎನ್ನುತ್ತಾರೆ, ಬೇಡಿ ತೊಡಿಸಿದ ಹಾಗೆ. ಪಟಗಳು ಪಟಪಟ ಬಡಿದುಕೊಳ್ಳುತ್ತವೆ, ಚುಕ್ಕಾಣಿ ಎತ್ತ ತಿರುಗಿಸಿದರೂ ಕೇಳುವುದಿಲ್ಲ. ನೀರು ಹರಿಯದೆ ಚುಕ್ಕಾಣಿಗೆ ಬಲವಿಲ್ಲ. ಮುಖ್ಯ ಕಾರಣ ಮೂರು: ವೇಗವಿಲ್ಲದೆ ಶುರು ಮಾಡಿದ್ದು, ಚುಕ್ಕಾಣಿಯನ್ನು ಬ್ರೇಕಿನಂತೆ ಒತ್ತಿದ್ದು, ಜಿಬ್ಬನ್ನು ಬೇಗ ಬಿಟ್ಟಿದ್ದು. ನಾಲ್ಕನೆಯದು ಅಲೆ. ಗಿಡ್ಡ, ಕಡಿದಾದ ಅಲೆಯೊಂದು ಮೂತಿಗೆ ಗುದ್ದಿದರೆ ತಿರುವು ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಅಲೆಗಳು ಸಾಮಾನ್ಯವಾಗಿ ಗುಂಪಾಗಿ ಬಂದು ಹೋಗುತ್ತವೆ, ನಡುವೆ ಸಮತಟ್ಟಾದ ನೀರು ಸಿಗುತ್ತದೆ. ಅದಕ್ಕಾಗಿ ಕಾಯಬೇಕು. ಮೂತಿ ಅಲೆಯ ನೆತ್ತಿಗೇರುವಾಗ ತಿರುವು ಆರಂಭಿಸಿದರೆ, ನೆತ್ತಿ ದಾಟಿದ ಮೇಲೆ ಅಲೆಯೇ ಮೂತಿಯನ್ನು ಆಚೆ ತಳ್ಳಿಕೊಡುತ್ತದೆ.

ಹಗುರವಾದ ಎರಡು ಒಡಲಿನ ಕ್ಯಾಟಮರಾನ್ ಇಲ್ಲಿ ಹೆಚ್ಚು ಸಿಕ್ಕಿಬೀಳುತ್ತದೆ. ಅದಕ್ಕೆ ಮುನ್ನುಗ್ಗುವ ತೂಕ ಕಡಿಮೆ, ಎರಡು ಉದ್ದ ಒಡಲುಗಳನ್ನು ನೀರಿನಲ್ಲಿ ಅಡ್ಡ ತಿರುಗಿಸುವ ಶ್ರಮ ಹೆಚ್ಚು. ಅದರಲ್ಲಿ ಜಿಬ್ಬನ್ನು ಬೇಕೆಂದೇ ತಡವಾಗಿ ಬಿಡುತ್ತಾರೆ. ಹಳೆಯ ಬದಿಯಲ್ಲೇ ಬಿಗಿದ ಜಿಬ್‌ಗೆ ಗಾಳಿ ಹಿಂದುಗಡೆಯಿಂದ ಹೊಡೆದು ಮೂತಿಯನ್ನು ಹೊಸ ಕಡೆಗೆ ನೂಕುತ್ತದೆ. ದೊಡ್ಡ ಪಟ ಮೂತಿಯನ್ನು ಮತ್ತೆ ಗಾಳಿಯ ಕಡೆ ತಿರುಗಿಸದಂತೆ ಅದರ ಶೀಟನ್ನು ಆ ಹೊತ್ತಿಗೆ ಸಡಿಲಿಸುತ್ತಾರೆ.

ಸಿಕ್ಕಿಬಿದ್ದ ಮೇಲೆ ಬಿಡಿಸಿಕೊಳ್ಳುವ ದಾರಿ ಇದು. ದೋಣಿ ಹಿಂದಕ್ಕೆ ಜಾರುವವರೆಗೆ ಕಾಯಿರಿ. ಹಿಂದಕ್ಕೆ ಜಾರುವಾಗ ಚುಕ್ಕಾಣಿಯ ಪರಿಣಾಮ ತಿರುವುಮುರುವು: ಮೂತಿ ಯಾವ ಕಡೆ ಹೋಗಬೇಕೋ ಟಿಲ್ಲರನ್ನು ಅದೇ ಕಡೆಗೆ ಹಿಡಿಯಬೇಕು. ಮೂತಿ ಬಲಕ್ಕೆ ಬೇಕಾದರೆ ಟಿಲ್ಲರ್ ಬಲಕ್ಕೆ, ಜಿಬ್ಬಿನ ಹಿಂದಿನ ಮೂಲೆಯನ್ನು ಎಡಬದಿಗೆ ಎಳೆದು ಹಿಡಿಯಿರಿ. ಒಂದೇ ಪಟದ ಡಿಂಗಿಯಲ್ಲಿ ಬೂಮನ್ನೂ ಟಿಲ್ಲರನ್ನೂ ಒಂದೇ ಕಡೆಗೆ ತಳ್ಳಿ, ಮೂತಿ 45 ಡಿಗ್ರಿಯಷ್ಟು ತಿರುಗಿದ ಮೇಲೆ ಎರಡನ್ನೂ ಎಳೆದುಕೊಳ್ಳಿ. ಅವಸರದಲ್ಲಿ ಟಿಲ್ಲರನ್ನು ಅತ್ತಿತ್ತ ಅಲ್ಲಾಡಿಸಿದರೆ ಇದ್ದಲ್ಲೇ ಇರುತ್ತೀರಿ.

ಗಾಳಿಗೆ ಬೆನ್ನು ಕೊಟ್ಟು ತಿರುಗುವುದು

ಟ್ಯಾಕ್ ಬದಲಿಸಲು ಇನ್ನೊಂದು ದಾರಿಯಿದೆ: ಮೂತಿಯ ಬದಲು ದೋಣಿಯ ಹಿಂಭಾಗವನ್ನು ಗಾಳಿಯ ಮೂಲಕ ಹಾಯಿಸುವುದು. ತ್ರಿಕೋನ ಪಟದ ದೋಣಿಯಲ್ಲಿ ಇದಕ್ಕೆ ‘ಜೈಬ್’ ಎಂದು ಹೆಸರು. ಚೌಕ ಪಟದ ಹಡಗಿನಲ್ಲಿ ‘ವೇರ್’. ಎರಡು ತಿರುವುಗಳ ಸ್ವಭಾವ ಪೂರ್ತಿ ಬೇರೆ. ಟ್ಯಾಕ್ ಮಾಡುವಾಗ ಪಟದ ಗಾಳಿ ಬಿಟ್ಟುಹೋಗುತ್ತದೆ, ಎಡವಟ್ಟಾದರೆ ದೋಣಿ ನಿಲ್ಲುತ್ತದೆ ಅಷ್ಟೆ. ಜೈಬ್‌ನಲ್ಲಿ ಪಟ ಗಾಳಿ ತುಂಬಿಕೊಂಡೇ ಒಂದು ಬದಿಯಿಂದ ಇನ್ನೊಂದು ಬದಿಗೆ ಬಡಿಯುತ್ತದೆ. ಬೂಮ್ ತಲೆಗೆ ತಾಗಿದರೆ ಪ್ರಾಣಕ್ಕೇ ಕುತ್ತು.

ಆದ್ದರಿಂದ ದೊಡ್ಡ ಪಟದ ಶೀಟನ್ನು ಮೊದಲೇ ಎಳೆದು ಬೂಮನ್ನು ನಡುವಿಗೆ ತಂದು, ನಿಧಾನವಾಗಿ ತಿರುಗಿಸಿ, ಬೂಮ್ ಆಚೆ ಹೊರಳಿದ ಕೂಡಲೇ ಶೀಟನ್ನು ಸರಸರನೆ ಬಿಡಬೇಕು. ಬಿಡಲು ತಡವಾದರೆ ನಡುವಿನಲ್ಲಿ ಬಿಗಿದ ಪಟ ದೋಣಿಯನ್ನು ವಾಲಿಸಿ ಗಾಳಿಯ ಕಡೆಗೆ ಗಿರಕಿ ಹೊಡೆಸುತ್ತದೆ. ಡಿಂಗಿಯಲ್ಲಾದರೆ ತಳದಿಂದ ನೀರಿಗೆ ಇಳಿಬಿಡುವ ನಡುಹಲಗೆಯನ್ನು ಅರ್ಧ ಎತ್ತಿರಬೇಕು. ಪೂರ್ತಿ ಇಳಿದಿದ್ದರೆ ದೋಣಿ ಪಕ್ಕಕ್ಕೆ ಜಾರಲಾರದೆ ಅದರ ಮೇಲೇ ಎಡವಿ ಮಗುಚುತ್ತದೆ.

ಜೋರು ಗಾಳಿಯಲ್ಲಿ ಯಾವಾಗ ಜೈಬ್ ಮಾಡಬೇಕು? ದೋಣಿ ಅತಿ ವೇಗದಲ್ಲಿ ಅಲೆಯ ಮೇಲೆ ಜಾರುತ್ತಿರುವಾಗ. ಇದು ವಿಚಿತ್ರ ಅನ್ನಿಸುತ್ತದೆ, ಲೆಕ್ಕ ನೋಡಿ. ಹಿಂದಿನಿಂದ 15 ನಾಟ್ ಗಾಳಿ, ದೋಣಿ 8 ನಾಟ್ ಓಡುತ್ತಿದ್ದರೆ ಪಟಕ್ಕೆ ತಾಗುವುದು 7 ನಾಟ್. ಹೆದರಿ ವೇಗ 5ಕ್ಕೆ ಇಳಿಸಿದರೆ ತಾಗುವುದು 10. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಪಟದ ಮೇಲಿನ ಹೊಡೆತ ಎರಡು ಪಟ್ಟಾಯಿತು.

ಬೇಡದ ಜೈಬ್ ಮುನ್ಸೂಚನೆ ಕೊಟ್ಟೇ ಬರುತ್ತದೆ. ಜಿಬ್ ಸೊರಗಿ ಗಾಳಿಬದಿಗೆ ಹೊರಳಲು ನೋಡುತ್ತದೆ, ಬೂಮ್ ಹಗುರವಾಗಿ ಮೇಲೇಳುತ್ತದೆ, ದೊಡ್ಡ ಪಟದ ಹಿಂದಿನ ಅಂಚು ನಡುಗುತ್ತದೆ. ಆಗ ತಡಮಾಡದೆ ಮೂತಿಯನ್ನು ಗಾಳಿಯ ಕಡೆ ಸ್ವಲ್ಪ ಏರಿಸಬೇಕು. ದೂರದ ಓಟದಲ್ಲಿ ಬೂಮಿನ ತುದಿಯಿಂದ ಮೂತಿಯ ಕಡೆಗೆ ‘ಪ್ರಿವೆಂಟರ್’ ಎಂಬ ತಡೆಹಗ್ಗ ಕಟ್ಟುತ್ತಾರೆ. ಅದನ್ನು ಬೂಮಿನ ನಡುವಿಗೆ ಕಟ್ಟಿದರೆ ಬೂಮೇ ಮುರಿಯಬಹುದು. ಧೈರ್ಯ ಸಾಲದಿದ್ದರೆ ಜೈಬ್ ಬಿಟ್ಟು ಮೂತಿಯನ್ನು ಪೂರ್ತಿ ಸುತ್ತಿಸಿ ಟ್ಯಾಕ್ ಮಾಡಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಚೌಕ ಪಟದ ಕಾಲ

ದೊಡ್ಡ ಹಡಗಿನಲ್ಲಿ ಟ್ಯಾಕ್ ಮಾಡುವುದು ಇಡೀ ನಾವಿಕಪಡೆಯ ಕೆಲಸ. ಮೂತಿ ಗಾಳಿಯ ಕಣ್ಣಿಗೆ ಒಂದು ಪಾಯಿಂಟಿನಷ್ಟು ಹತ್ತಿರ ಬಂದಾಗ ‘ಮೇನ್‌ಸೇಲ್ ಹಾಲ್’ ಎಂಬ ಕೂಗು. ನಡುಗೂವೆಯ ಮತ್ತು ಹಿಂಗೂವೆಯ ಅಡ್ಡಮರಗಳನ್ನು ಒಟ್ಟಿಗೇ ಹೊಸ ಬದಿಗೆ ತಿರುಗಿಸುತ್ತಿದ್ದರು. ಮುಂಗೂವೆಯ ಪಟಗಳನ್ನು ಮಾತ್ರ ಹಾಗೆಯೇ ಬಿಟ್ಟು, ಗಾಳಿ ಅವುಗಳ ಎದೆಗೆ ಒತ್ತಿ ಮೂತಿಯನ್ನು ಸುತ್ತಿಸಲು ಬಿಡುತ್ತಿದ್ದರು. ಮೂತಿ ಸಾಕಷ್ಟು ಆಚೆ ಬಂದ ಮೇಲೆ ‘ಲೆಟ್ ಗೋ ಅಂಡ್ ಹಾಲ್’, ಮುಂಗೂವೆಯೂ ತಿರುಗುತ್ತಿತ್ತು. ಕ್ಯಾಟಮರಾನ್‌ನಲ್ಲಿ ಜಿಬ್ಬನ್ನು ತಡವಾಗಿ ಬಿಡುವುದೂ ಇದೇ ತಂತ್ರ.

ಆರು ಪಾಯಿಂಟ್ ಲೆಕ್ಕದಲ್ಲಿ ಟ್ಯಾಕ್‌ಗೆ 135 ಡಿಗ್ರಿ ತಿರುಗಿದರೆ ಸಾಕು, ವೇರ್‌ಗೆ 225 ಡಿಗ್ರಿ ಬೇಕು. ವೇರ್ ಮಾಡಿದಾಗ ಕಷ್ಟಪಟ್ಟು ಗಳಿಸಿದ ದೂರವೂ ಕಳೆದುಹೋಗುತ್ತದೆ. ಆದರೂ ಬಿರುಗಾಳಿಯಲ್ಲಿ, ಆಳುಗಳು ಕಡಿಮೆಯಿದ್ದಾಗ, ಕೂವೆಗೆ ಅಪಾಯವಾಗದ ದಾರಿ ಅದೇ. ದಡ ಹತ್ತಿರವಿದ್ದು, ಟ್ಯಾಕ್ ಕೈಕೊಡುವ ಭಯವೂ ಇದ್ದು, ವೇರ್ ಮಾಡಲು ಜಾಗವೂ ಇಲ್ಲದಿದ್ದರೆ ಉಳಿಯುತ್ತಿದ್ದುದು ‘ಕ್ಲಬ್ ಹಾಲಿಂಗ್’. ಮೂತಿ ಗಾಳಿಯತ್ತ ತಿರುಗುವಾಗ ಮರೆಬದಿಯ ಲಂಗರು ಇಳಿಸಿ, ಅದರ ಎಳೆತದಲ್ಲಿ ಹಡಗನ್ನು ಸುತ್ತಿಸಿ, ತಿರುಗಿದ ಮೇಲೆ ಲಂಗರಿನ ಹಗ್ಗವನ್ನೇ ಕಡಿದುಬಿಡುವುದು. 1812ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಪಶ್ಚಿಮ ತೀರದ ಬಾಸ್ಕ್ ರೋಡ್ಸ್‌ನಲ್ಲಿ ಬ್ರಿಟಿಷ್ ನೌಕಾಪಡೆಯ 74 ತೋಪುಗಳ ‘ಮ್ಯಾಗ್ನಿಫಿಸೆಂಟ್’ ಹಡಗನ್ನು ಕ್ಯಾಪ್ಟನ್ ಜಾನ್ ಹೇಯ್ಸ್ ಹೀಗೇ ಉಳಿಸಿದರು. ಆಮೇಲೆ ಅವರಿಗೆ ‘ಮ್ಯಾಗ್ನಿಫಿಸೆಂಟ್ ಹೇಯ್ಸ್’ ಎಂದೇ ಹೆಸರಾಯಿತು.

ಕೂಗಿನ ಅರ್ಥ

ತಿರುವಿನ ಆಜ್ಞೆಗಳಲ್ಲಿ ಒಂದು ಹಳೆಯ ತೊಡಕಿದೆ. ‘ಲೀ ಹೋ’, ‘ಹಾರ್ಡ್ ಎ ಲೀ’ ಎಂಬ ಕೂಗುಗಳು ಟಿಲ್ಲರ್ ಎತ್ತ ಹೋಗುತ್ತದೆ ಎಂಬುದನ್ನು ಹೇಳುತ್ತವೆ, ಮೂತಿ ಎತ್ತ ಹೋಗುತ್ತದೆ ಎಂಬುದನ್ನಲ್ಲ. ಟಿಲ್ಲರ್ ಮರೆಬದಿಗೆ ಹೋದರೆ ಮೂತಿ ಗಾಳಿಯ ಕಡೆಗೆ. ಉಗಿಹಡಗುಗಳು ಬಂದು, ಟಿಲ್ಲರಿನ ಬದಲು ಚಕ್ರ ಬಂದ ಮೇಲೂ ಇದೇ ರೂಢಿ ಮುಂದುವರಿಯಿತು. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ‘ಹಾರ್ಡ್ ಎ ಸ್ಟಾರ್‌ಬೋರ್ಡ್’ ಎಂದು ಕೂಗಿದಾಗ ಹಡಗು ತಿರುಗಿದ್ದು ಎಡಕ್ಕೆ. ಅದು ಆ ಕಾಲಕ್ಕೆ ಸರಿಯಾದ ಆಜ್ಞೆ, ಸರಿಯಾಗಿಯೇ ಪಾಲನೆಯಾಯಿತು. ಕೂಗಿನ ದಿಕ್ಕೂ ಹಡಗಿನ ದಿಕ್ಕೂ ಒಂದೇ ಇರಬೇಕು ಎಂದು ದೇಶಗಳು ಒಪ್ಪಿದ್ದು 1929ರ ಸಮುದ್ರ ಸುರಕ್ಷತಾ ಒಪ್ಪಂದದಲ್ಲಿ. ಹಾಯಿದೋಣಿಯಲ್ಲಿ ಮಾತ್ರ ‘ಲೀ ಹೋ’ ಇಂದಿಗೂ ಟಿಲ್ಲರಿನ ಮಾತೇ.

ಪಂದ್ಯದಲ್ಲಿ ತಿರುವು ಯಾವಾಗ ಮುಗಿಯಿತು ಎಂಬ ವಾದ ಮತ್ತೆ ಮತ್ತೆ ಏಳುತ್ತದೆ. ಮೂತಿ ಗಾಳಿಯ ಕಣ್ಣು ದಾಟುವವರೆಗೆ ನೀವು ಹಳೆಯ ಟ್ಯಾಕ್‌ನಲ್ಲೇ ಇದ್ದೀರಿ. ದಾಟಿದ ಕ್ಷಣದಿಂದ, ಗಾಳಿಗೆ ಆದಷ್ಟು ಹತ್ತಿರ ಓಡುವ ಹೊಸ ದಿಕ್ಕಿಗೆ ಬರುವವರೆಗೆ, ಪಂದ್ಯದ ನಿಯಮಾವಳಿಯ 13ನೇ ನಿಯಮದಂತೆ ಎಲ್ಲ ದೋಣಿಗಳಿಗೂ ದಾರಿ ಬಿಡಬೇಕು. ಪಟ ತುಂಬಿತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ನಿಯಮ ಮುರಿದವರು ಸಾಮಾನ್ಯವಾಗಿ ಎರಡು ಸುತ್ತು ಹಾಕುವ ದಂಡ ತೆರಬೇಕು, ಒಂದೊಂದು ಸುತ್ತಿನಲ್ಲೂ ಒಂದು ಟ್ಯಾಕ್, ಒಂದು ಜೈಬ್.

ದೋಣಿಯಂತೆ ಗಾಳಿಯೂ ತಿರುಗುತ್ತದೆ, ಅದಕ್ಕೂ ಪದಗಳಿವೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದರೆ ‘ವೀರ್’, ವಿರುದ್ಧವಾದರೆ ‘ಬ್ಯಾಕ್’. ಎದುರುಗಾಳಿಯಲ್ಲಿ ಇದರ ಬೆಲೆ ದೊಡ್ಡದು. ಗಾಳಿ 10 ಡಿಗ್ರಿ ವೀರ್ ಆದರೆ ಸ್ಟಾರ್‌ಬೋರ್ಡ್ ಟ್ಯಾಕ್‌ನವರು ಗುರಿಗೆ 45ರ ಬದಲು 35 ಡಿಗ್ರಿಯಲ್ಲಿ ಓಡಬಹುದು, ಒಂದು ಮೈಲಿಗೆ ಗುರಿಯತ್ತ 0.82 ಮೈಲಿ ಗಳಿಕೆ. ಪೋರ್ಟ್ ಟ್ಯಾಕ್‌ನಲ್ಲೇ ಉಳಿದವರಿಗೆ 55 ಡಿಗ್ರಿ, 0.57 ಮೈಲಿ. ಗಾಳಿ ನಿಮ್ಮ ಮೂತಿಯನ್ನು ಗುರಿಯಿಂದ ಆಚೆ ತಳ್ಳತೊಡಗಿ, ಆ ಬದಲಾವಣೆ ನಿಂತಿತು ಎಂದು ಖಾತ್ರಿಯಾದಾಗ ಟ್ಯಾಕ್ ಮಾಡಿ. ಒಂದು ಸಣ್ಣ ತೂರಾಟಕ್ಕೆಲ್ಲ ತಿರುಗಿದರೆ, ಪ್ರತಿ ತಿರುವಿನಲ್ಲೂ ಕಳೆಯುವ ವೇಗ ಬಂದ ಲಾಭವನ್ನೆಲ್ಲ ನುಂಗುತ್ತದೆ.

ಅರ್ಧಕ್ಕೆ ಬಿಟ್ಟ ಟ್ಯಾಕ್

ಟ್ಯಾಕ್ ಮಾಡಿ, ಜಿಬ್ಬನ್ನು ಮಾತ್ರ ಬಿಡದೆ ಹಳೆಯ ಬದಿಯಲ್ಲೇ ಬಿಗಿದಿಟ್ಟರೆ ದೋಣಿ ಬಹುಮಟ್ಟಿಗೆ ನಿಂತುಬಿಡುತ್ತದೆ. ಇದು ‘ಹೀವ್ ಟು’. ಜಿಬ್ ಮೂತಿಯನ್ನು ಗಾಳಿಯಿಂದ ಆಚೆ ನೂಕುತ್ತದೆ, ಮರೆಬದಿಗೆ ಕಟ್ಟಿದ ಟಿಲ್ಲರ್ ಗಾಳಿಯ ಕಡೆಗೆ ತರುತ್ತದೆ, ಎರಡೂ ಸರಿಹೊಂದಿ ದೋಣಿ ಓರೆಯಾಗಿ ನಿಧಾನಕ್ಕೆ ತೇಲುತ್ತದೆ. ಊಟಕ್ಕೆ, ಪಟ ಚಿಕ್ಕದು ಮಾಡಲು, ದಣಿದವರಿಗೆ ನಿದ್ದೆಗೆ ಇದರಷ್ಟು ಅನುಕೂಲ ಬೇರೆಯಿಲ್ಲ. ಯಾರಾದರೂ ನೀರಿಗೆ ಬಿದ್ದಾಗ ಕೂಡಲೇ ದೋಣಿ ನಿಲ್ಲಿಸಲು ಕಲಿಸುವುದೂ ಇದೇ ತಿರುವನ್ನು. ಉದ್ದ ಕೀಲ್‌ನ (ದೋಣಿಯ ತಳದಿಂದ ನೀರಿಗಿಳಿದ ರೆಕ್ಕೆಯ) ದೋಣಿ ಹೀಗೆ ಸ್ಥಿರವಾಗಿ ನಿಲ್ಲುತ್ತದೆ. ಕಿರಿದಾದ, ಆಳದ ಕೀಲ್ ಇರುವುದಕ್ಕೆ ದೊಡ್ಡ ಪಟದ ಶೀಟನ್ನು ಗೇಣು ಗೇಣಾಗಿ ಹೊಂದಿಸುತ್ತ ಸಮತೋಲ ಹುಡುಕಬೇಕಾಗುತ್ತದೆ.

ಜಾಗವಿದ್ದರೆ ಪೋರ್ಟ್ ಟ್ಯಾಕ್‌ನಿಂದ ಆರಂಭಿಸಿ. ತಿರುಗಿ ನಿಂತಾಗ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿರುತ್ತೀರಿ, ಎದುರಾಗುವ ಪೋರ್ಟ್ ಟ್ಯಾಕ್ ದೋಣಿಗಳು ನಿಮಗೆ ದಾರಿ ಬಿಡಬೇಕು. ಕಾವಲು ಕಣ್ಣು ಮಾತ್ರ ತಪ್ಪಬಾರದು. ಹಿಮ್ಮುಖವಾಗಿ ಬಿಗಿದ ಜಿಬ್ ಕೂವೆಯ ಬದಿಯ ತಂತಿಗೆ ಉಜ್ಜುತ್ತಿದೆಯೇ ಎಂದು ಆಗಾಗ ನೋಡಿ. ಉಜ್ಜುತ್ತಿದ್ದರೆ ಶೀಟನ್ನು ಅಂಗೈಯಷ್ಟು ಬಿಡಿ, ಇಲ್ಲವೇ ಜಿಬ್ಬನ್ನು ಸ್ವಲ್ಪ ಸುತ್ತಿ ಚಿಕ್ಕದು ಮಾಡಿ. ಹೊರಡುವ ಹೊತ್ತಿಗೆ ಟಿಲ್ಲರಿನ ಕಟ್ಟು ಬಿಚ್ಚಿ, ಜಿಬ್ಬನ್ನು ಮರೆಬದಿಗೆ ಎಳೆದುಕೊಂಡರೆ ಬಿಟ್ಟಿದ್ದ ಟ್ಯಾಕ್ ಪೂರ್ತಿಯಾಗಿ ದೋಣಿ ಓಡತೊಡಗುತ್ತದೆ.